ಸೋತ ಕೇಸಿನ ಕಥೆ ಬರೆಯುವವರು ಯಾರು?

ಕೊಲೆ ಕೇಸುಗಳ ಬಗ್ಗೆ ಕನ್ನಡದಲ್ಲಿ ಓದಿಗೆ ಬರವಿಲ್ಲ. ವರದಿಗಾರರು ಬರೆದಿದ್ದಾರೆ, ಬಳ್ಳಾರಿಯಲ್ಲಿ ಹುಟ್ಟಿದ ರವಿ ಬೆಳಗೆರೆ 1995ರಲ್ಲಿ ಆರಂಭಿಸಿದ ‘ಹಾಯ್ ಬೆಂಗಳೂರ್’ ಪತ್ರಿಕೆ ಅಪರಾಧ ಬರವಣಿಗೆಗೆ ಹಳ್ಳಿಹಳ್ಳಿಯಲ್ಲೂ ಓದುಗರನ್ನು ತಂದುಕೊಟ್ಟಿತು. ಭೂಗತ ಜಗತ್ತಿನ ಒಳಗಿದ್ದವರು ಬರೆದಿದ್ದಾರೆ. ಅಗ್ನಿ ಶ್ರೀಧರ್ ಅವರ ‘ದಾದಾಗಿರಿಯ ದಿನಗಳು’ ಸಿನಿಮಾವೂ ಆಯಿತು. ನಿವೃತ್ತ ಪೊಲೀಸ್ ಅಧಿಕಾರಿಗಳು ತಾವು ಬೆನ್ನಟ್ಟಿ ಹಿಡಿದವರ ಕಥೆ ಹೇಳಿದ್ದಾರೆ. ಆರೋಪಿಗಳ ಪರ ವಾದಿಸಿ ಗೆದ್ದ ವಕೀಲರ ಸಾಹಸಗಳು ಬಾರ್ ಅಸೋಸಿಯೇಷನ್ನಿನ ಹರಟೆಯಲ್ಲಾದರೂ ಉಳಿದುಕೊಂಡಿವೆ.

ಈ ಸಾಲಿನಲ್ಲಿ ಒಬ್ಬರ ಜಾಗ ಬಹುಮಟ್ಟಿಗೆ ಖಾಲಿ ಇದೆ. ಅವರು ಸರ್ಕಾರಿ ಅಭಿಯೋಜಕರು, ಜನರ ಬಾಯಲ್ಲಿ ಪಿಪಿ ಸಾಹೇಬರು. ಠಾಣೆಯಲ್ಲಿ ಹುಟ್ಟಿದ ಕಡತವನ್ನು ಕೈಗೆತ್ತಿಕೊಂಡು, ಸಾಕ್ಷಿಗಳನ್ನು ಕಟಕಟೆ ಹತ್ತಿಸಿ, ತೀರ್ಪಿನ ದಿನದವರೆಗೆ ಕೊಂಡೊಯ್ಯುವವರು ಅವರೇ. ಕೇಸು ಎಲ್ಲಿ ಬಿಗಿಯಾಗಿತ್ತು, ಎಲ್ಲಿ ಸಡಿಲವಾಯಿತು, ಯಾವ ಸಾಕ್ಷಿ ಯಾವ ದಿನ ಮಾತು ಬದಲಿಸಿದ ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ಇನ್ನೊಬ್ಬರಿಲ್ಲ. ಅವರು ಬರೆಯಬೇಕೆ? ಬರೆದರೆ ಏನನ್ನು ಬರೆಯಬೇಕು? ಏನನ್ನು ಬರೆಯಬಾರದು? ಅಮೆರಿಕದಲ್ಲಿ ಇಂಥ ಪುಸ್ತಕಗಳದೇ ಒಂದು ಪರಂಪರೆ ಬೆಳೆದಿದೆ. ನಮ್ಮಲ್ಲಿ ಅದು ಈಗಷ್ಟೇ ಕಣ್ಣು ತೆರೆಯುತ್ತಿದೆ. ಇದುವರೆಗಿನ ಅನುಭವವನ್ನು ಒಟ್ಟಾಗಿ ನೋಡಿದರೆ ನನಗೆ ಒಂದು ಮಾತು ಖಚಿತವೆನಿಸುತ್ತದೆ: ಅಭಿಯೋಜಕರು ಗೆದ್ದ ಕೇಸನ್ನು ಬರೆದರೆ ಓದುಗರಿಗೆ ಒಂದು ಒಳ್ಳೆಯ ಪುಸ್ತಕ ಸಿಗುತ್ತದೆ, ಸೋತ ಕೇಸನ್ನು ಬರೆದರೆ ಮುಂದೆ ನ್ಯಾಯ ಕೇಳಿ ಬರುವವರಿಗೆ ದಾರಿ ಸಿಗುತ್ತದೆ.

ಪಿಪಿ ಯಾರ ವಕೀಲರು?

ಮೊದಲು ಹುದ್ದೆಯ ಸ್ವರೂಪ. ಸೆಷನ್ಸ್ ನ್ಯಾಯಾಲಯದ ಪ್ರತಿಯೊಂದು ವಿಚಾರಣೆಯನ್ನೂ ಅಭಿಯೋಜನೆಯ ಪರವಾಗಿ ಸರ್ಕಾರಿ ಅಭಿಯೋಜಕರೇ ನಡೆಸಬೇಕು ಎಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 225ನೇ ಕಲಮಿನ ಮಾತಾಗಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಈ ಮಾತು 248ನೇ ಕಲಮಾಗಿ ಉಳಿದಿದೆ. ಕೊಲೆಯಾದವನ ಮನೆಯವರು ಎಷ್ಟೇ ದೊಡ್ಡ ವಕೀಲರನ್ನು ಇಟ್ಟುಕೊಂಡರೂ ಆ ವಕೀಲರು ಅಭಿಯೋಜಕರಿಗೆ ನೆರವಾಗಬಹುದೇ ಹೊರತು ಕೇಸನ್ನು ತಾವೇ ನಡೆಸುವಂತಿಲ್ಲ. ವಿಶೇಷ ಪ್ರಕರಣಗಳಿಗೆ ಕನಿಷ್ಠ ಹತ್ತು ವರ್ಷ ವಕೀಲಿಕೆ ಮಾಡಿದವರನ್ನು ವಿಶೇಷ ಅಭಿಯೋಜಕರಾಗಿ ಸರ್ಕಾರ ನೇಮಿಸಬಹುದು.

ಹಾಗಾದರೆ ಪಿಪಿ ಯಾರ ವಕೀಲರು? ಪೊಲೀಸರ ವಕೀಲರು ಎಂದು ಜನ ತಿಳಿಯುತ್ತಾರೆ, ಸತ್ತವರ ಕಡೆಯ ವಕೀಲರು ಎಂದು ಸಂಬಂಧಿಕರು ತಿಳಿಯುತ್ತಾರೆ. ಕಾನೂನು ಎರಡನ್ನೂ ಒಪ್ಪುವುದಿಲ್ಲ. ಹೇಗಾದರೂ ಮಾಡಿ ಆರೋಪಿಗೆ ಶಿಕ್ಷೆ ಕೊಡಿಸಬೇಕೆಂಬ ದಾಹ ಅಭಿಯೋಜಕರಿಗೆ ಇರಕೂಡದು, ಆರೋಪಿಗೆ ನ್ಯಾಯವಾಗಿ ಸಲ್ಲಬೇಕಾದ ಅನುಕೂಲವನ್ನು ನ್ಯಾಯಾಲಯದ ಗಮನಕ್ಕೆ ತರುವುದೂ ಅವರದೇ ಹೊಣೆ ಎಂದು ಸುಪ್ರೀಂ ಕೋರ್ಟ್ 1999ರ ಶಿವಕುಮಾರ್ ಪ್ರಕರಣದಲ್ಲಿ ಹೇಳಿತು. ನಿರಪರಾಧಿ ಎಂದು ತೋರಿಸಬಲ್ಲ ದಾಖಲೆಯನ್ನು ಬಚ್ಚಿಡಬಾರದು ಎಂಬುದು ವಕೀಲರ ಪರಿಷತ್ತಿನ ನಿಯಮವೂ ಹೌದು. ಅಭಿಯೋಜಕರು ಬರೆಯುವ ಯಾವ ಪುಸ್ತಕವನ್ನೂ ಈ ಅಳತೆಗೋಲು ಹಿಡಿದೇ ಓದಬೇಕು. ಆರೋಪಿಗೆ ಅನುಕೂಲವಾಗಿದ್ದ ಸಂಗತಿಗಳೂ ಆ ಪುಸ್ತಕದಲ್ಲಿ ಇವೆಯೇ ಎಂಬುದೇ ಮೊದಲ ಪರೀಕ್ಷೆ.

ಮೋಕದಿಂದ ಬಳ್ಳಾರಿ ಕೋರ್ಟಿನವರೆಗೆ

ನಮ್ಮ ಬಳ್ಳಾರಿ ಸೀಮೆಯಲ್ಲಿ ಒಂದು ಕೊಲೆ ಕೇಸು ನಡೆಯುವ ದಾರಿಯನ್ನು ನೋಡಿದರೆ ಅಭಿಯೋಜಕರ ಅನುಭವದ ಬೆಲೆ ತಿಳಿಯುತ್ತದೆ. ಹಗರಿ ದಂಡೆಯ ಮೋಕ ಹೋಬಳಿಯಲ್ಲಿ ಕೊಲೆ ನಡೆದರೆ ಎಫ್‌ಐಆರ್ ಮೋಕ ಠಾಣೆಯಲ್ಲಿ ದಾಖಲಾಗುತ್ತದೆ. ಶವ ಪರೀಕ್ಷೆಗೆ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗಬೇಕು. ಸ್ಥಳ ಮಹಜರಿಗೆ ಊರಿನವರೇ ಪಂಚರು. ಪೊಲೀಸರು ಸಾಕ್ಷಿಗಳ ಹೇಳಿಕೆ ಬರೆದುಕೊಳ್ಳುತ್ತಾರೆ. ಅದಕ್ಕೆ ಸಾಕ್ಷಿ ಸಹಿ ಹಾಕುವಂತಿಲ್ಲ, ಕೋರ್ಟಿನಲ್ಲಿ ಅದನ್ನು ನೇರ ಪುರಾವೆಯಾಗಿ ಬಳಸುವಂತೆಯೂ ಇಲ್ಲ. ದೋಷಾರೋಪ ಪಟ್ಟಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ, ಅಲ್ಲಿಂದ ಕೇಸು ಸೆಷನ್ಸ್ ನ್ಯಾಯಾಲಯಕ್ಕೆ ಒಪ್ಪಿಸಲ್ಪಡುತ್ತದೆ. ಸಿರುಗುಪ್ಪ, ಕುರುಗೋಡು ಸೀಮೆಯ ಕೇಸುಗಳ ದಾರಿಯೂ ಇದೇ. ಮೇಲ್ಮನವಿಯಾದರೆ ಹೈಕೋರ್ಟಿನ ಧಾರವಾಡ ಪೀಠ.

ಈ ದಾರಿ ಕಾಗದದ ಮೇಲೆ ನೇರವಾಗಿದೆ, ನೆಲದ ಮೇಲೆ ವರ್ಷಗಟ್ಟಲೆ ಉದ್ದವಾಗಿದೆ. ಅಷ್ಟು ಕಾಲವೂ ಸಾಕ್ಷಿ ಅದೇ ಊರಿನಲ್ಲಿ ಬದುಕಬೇಕು. ತುಂಗಭದ್ರೆಯ ಕೆಳಮಟ್ಟದ ಕಾಲುವೆಯಿಂದ ಅವನ ಗದ್ದೆಗೂ ಆರೋಪಿಯ ಗದ್ದೆಗೂ ಒಂದೇ ತೂಬಿನ ನೀರು ಬರುತ್ತಿರಬಹುದು. ಮೆಣಸಿನಕಾಯಿ ಬಿಡಿಸಲು ಹೋಗುವ ಕೂಲಿ ಆರೋಪಿಯ ನಂಟರ ಹೊಲದಲ್ಲೇ ಇರಬಹುದು. ಮದುವೆ, ಜಾತ್ರೆ, ಸೊಸೈಟಿ ಸಾಲ, ಪಂಚಾಯ್ತಿ ಚುನಾವಣೆ ಎಲ್ಲವೂ ಇಬ್ಬರಿಗೂ ಸೇರಿದ್ದು. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ದುಡಿಯಲು ಆಚೆ ಹೋದ ಸಾಕ್ಷಿಗೆ ಸಮನ್ಸ್ ಮುಟ್ಟಿಸುವುದೂ ಒಂದು ಕೆಲಸವೇ. ಇಷ್ಟೆಲ್ಲ ದಾಟಿ ಕಟಕಟೆಗೆ ಬಂದ ಸಾಕ್ಷಿ ‘ನಾನು ನೋಡಿಲ್ಲ ಸ್ವಾಮಿ’ ಎಂದುಬಿಟ್ಟರೆ, ಅಭಿಯೋಜಕರು ಆತನನ್ನು ಪ್ರತಿಕೂಲ ಸಾಕ್ಷಿ ಎಂದು ಪರಿಗಣಿಸಲು ಅನುಮತಿ ಪಡೆದು ತಮ್ಮದೇ ಸಾಕ್ಷಿಗೆ ಪಾಟೀಸವಾಲು ಹಾಕಬೇಕು. ತೀರ್ಪಿನಲ್ಲಿ ಇದು ಒಂದು ಸಾಲಾಗಿ ಉಳಿಯುತ್ತದೆ: ಇಂತಿಂಥ ಸಂಖ್ಯೆಯ ಸಾಕ್ಷಿಗಳು ಅಭಿಯೋಜನೆಯನ್ನು ಬೆಂಬಲಿಸಿಲ್ಲ. ಏಕೆ ಬೆಂಬಲಿಸಲಿಲ್ಲ ಎಂಬ ಕಥೆ ಅಭಿಯೋಜಕರ ಮನಸ್ಸಿನಲ್ಲಿ ಉಳಿದು ಅವರೊಂದಿಗೇ ನಿವೃತ್ತವಾಗುತ್ತದೆ.

ಬಳ್ಳಾರಿಗೆ ಈ ಮಾತು ಹೊಸದಲ್ಲ. 1880ರಲ್ಲಿ ತಾಡಪತ್ರಿಯಲ್ಲಿ ಹುಟ್ಟಿ, ಮದರಾಸಿನಲ್ಲಿ ಕಾನೂನು ಓದಿ ಬಂದ ಬಳ್ಳಾರಿ ರಾಘವರು ಕ್ರಿಮಿನಲ್ ವಕೀಲರಾಗಿ ಹೆಸರು ಮಾಡಿದವರು. ಬ್ರಿಟಿಷರ ಕಾಲದಲ್ಲಿ ಸರ್ಕಾರಿ ಪ್ರಾಸಿಕ್ಯೂಟರ್ ಆಗಿಯೂ ಕೆಲಸ ಮಾಡಿದವರು. ಆಗ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. 1946ರಲ್ಲಿ ತೀರಿಕೊಂಡ ರಾಘವರನ್ನು ಊರು ನೆನೆಯುವುದು ರಂಗದ ಮೇಲಿನ ಮಹಾನಟರಾಗಿ. ಅವರ ಹೆಸರಿನ ಕಲಾಮಂದಿರ ನಗರದಲ್ಲಿದೆ. ಅವರು ಕಟ್ಟಿದ ಪಾತ್ರಗಳ ನೆನಪು ಉಳಿಯಿತು, ನಡೆಸಿದ ಮೊಕದ್ದಮೆಗಳ ನೆನಪು ಉಳಿಯಲಿಲ್ಲ. ನಮ್ಮ ಸಮಾಜ ಅಭಿಯೋಜಕರನ್ನು ಎಷ್ಟು ಕಡಿಮೆ ಕೇಳಿದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ಅಮೆರಿಕದ ಮೂರು ಪಾಠ

ಅಭಿಯೋಜಕರ ಪುಸ್ತಕ ಎಂದರೆ ಜಗತ್ತು ಮೊದಲು ನೆನೆಯುವುದು ವಿನ್ಸೆಂಟ್ ಬುಗ್ಲಿಯೋಸಿಯನ್ನು. 1969ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಟಿ ಶರಾನ್ ಟೇಟ್ ಸೇರಿದಂತೆ ಹಲವರ ಕೊಲೆಯಾಯಿತು. ಚಾರ್ಲ್ಸ್ ಮ್ಯಾನ್ಸನ್ ಮತ್ತು ಆತನ ಹಿಂಬಾಲಕರ ವಿರುದ್ಧ ವಾದಿಸಿ 1971ರಲ್ಲಿ ಶಿಕ್ಷೆ ಕೊಡಿಸಿದ ಬುಗ್ಲಿಯೋಸಿ, ಕರ್ಟ್ ಜೆಂಟ್ರಿ ಜೊತೆ ಸೇರಿ 1974ರಲ್ಲಿ ‘ಹೆಲ್ಟರ್ ಸ್ಕೆಲ್ಟರ್’ ಪ್ರಕಟಿಸಿದರು. ಅಪರಾಧ ಕಥನಗಳಲ್ಲೇ ಅತಿ ಹೆಚ್ಚು ಮಾರಾಟವಾದ ಪುಸ್ತಕಗಳಲ್ಲಿ ಅದೂ ಒಂದು. ಮ್ಯಾನ್ಸನ್ ತಾನೇ ಚಾಕು ಹಿಡಿಯದ ಕೊಲೆಗಳಿಗೆ ಅವನನ್ನೇ ಹೊಣೆ ಮಾಡಲು ಒಂದು ಉದ್ದೇಶದ ಕಥೆ ಬೇಕಿತ್ತು. ಜನಾಂಗ ಯುದ್ಧದ ಭ್ರಮೆಯೇ ಆ ಉದ್ದೇಶ ಎಂದು ಅಭಿಯೋಜನೆ ವಾದಿಸಿತು. ಪುಸ್ತಕ ಬಂದ ಮೇಲೆ ಕೋರ್ಟಿನ ವಾದವೇ ಚರಿತ್ರೆಯಾಗಿಬಿಟ್ಟಿತು. 2019ರಲ್ಲಿ ಪತ್ರಕರ್ತ ಟಾಮ್ ಓನೀಲ್ ‘ಕೇಯಾಸ್’ ಎಂಬ ಪುಸ್ತಕದಲ್ಲಿ ಆ ವಾದವನ್ನೂ ಒಬ್ಬ ಮುಖ್ಯ ಸಾಕ್ಷಿಯ ಮಾತನ್ನೂ ಪ್ರಶ್ನಿಸುವವರೆಗೆ ಸುಮಾರು ನಾಲ್ಕೂವರೆ ದಶಕ ಗೆದ್ದವರ ಮಾತೇ ಕೊನೆಯ ಮಾತಾಗಿತ್ತು.

ಎರಡನೆಯದು ಸೋತವರದ್ದು. ಒ.ಜೆ. ಸಿಂಪ್ಸನ್ ಕೊಲೆ ಆರೋಪದಿಂದ ಖುಲಾಸೆಯಾದದ್ದು 1995ರ ಅಕ್ಟೋಬರ್ 3ರಂದು. ಮರುವರ್ಷವೇ ಅಭಿಯೋಜಕ ಕ್ರಿಸ್ಟೊಫರ್ ಡಾರ್ಡನ್, 1997ರಲ್ಲಿ ಅವರ ಸಹೋದ್ಯೋಗಿ ಮಾರ್ಸಿಯಾ ಕ್ಲಾರ್ಕ್ ತಮ್ಮ ತಮ್ಮ ಪುಸ್ತಕ ಬರೆದರು. ತೀರ್ಪುಗಾರರ ಮುಂದೆಯೇ ಆರೋಪಿಗೆ, ಪುರಾವೆಯಾಗಿದ್ದ ಕೈಗವಸು ತೊಡಿಸಿ ನೋಡಿದ ಪ್ರಸಂಗ ಕೇಸನ್ನು ಕೆಡಿಸಿತು ಎಂದು ಇಡೀ ದೇಶ ಮಾತಾಡಿಕೊಂಡಿತ್ತು; ಅದನ್ನು ತೊಡಿಸಿದ್ದು ಡಾರ್ಡನ್ ಅವರೇ. ಆ ನಿರ್ಧಾರದ ಭಾರ ಹೊತ್ತವರೇ ಅದನ್ನು ಬರೆದದ್ದರಿಂದ ಈ ಪುಸ್ತಕಗಳು ವಕೀಲಿಕೆ ಕಲಿಯುವವರಿಗೆ ಗೆದ್ದವರ ಪುಸ್ತಕಕ್ಕಿಂತ ಹೆಚ್ಚು ಉಪಯುಕ್ತ.

ಮೂರನೆಯದು ಎಚ್ಚರಿಕೆ. ಅರಿಜೋನಾದ ಜೋಡಿ ಏರಿಯಸ್ ಕೊಲೆ ಪ್ರಕರಣದ ಅಭಿಯೋಜಕ ಹುವಾನ್ ಮಾರ್ಟಿನೆಜ್ 2016ರಲ್ಲಿ, ಮೇಲ್ಮನವಿ ಇನ್ನೂ ಇತ್ಯರ್ಥವಾಗದೆ ಇರುವಾಗಲೇ, ತಮ್ಮ ಕಥನ ಪ್ರಕಟಿಸಿದರು. 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತಾದರೂ ಅಭಿಯೋಜಕರ ನಡವಳಿಕೆಯನ್ನು ಕಟುವಾಗಿ ಟೀಕಿಸಿತು. ಅದೇ ವರ್ಷ, ಶಿಸ್ತು ಕ್ರಮ ಎದುರಿಸುತ್ತಿದ್ದ ಅವರು ವಕೀಲಿ ಸನ್ನದು ಕಳೆದುಕೊಳ್ಳಲು ಒಪ್ಪಿಕೊಂಡರು. ಕೇಸು ಮುಗಿಯುವ ಮುನ್ನ ಪುಸ್ತಕ ಬರೆಯಲು ಕೂತವರಿಗೆ ಕೇಸಿಗಿಂತ ಪುಸ್ತಕ ದೊಡ್ಡದಾಗುವ ಅಪಾಯ ಇದ್ದೇ ಇದೆ.

ನಮ್ಮವರು ಬರೆದದ್ದು

ಭಾರತದಲ್ಲಿ ಈ ಸಾಹಿತ್ಯ ಹೆಚ್ಚಾಗಿ ತನಿಖಾಧಿಕಾರಿಗಳದ್ದು. 1991ರ ಮೇ 21ರಂದು ನಡೆದ ರಾಜೀವ್ ಗಾಂಧಿ ಹತ್ಯೆಯ ತನಿಖೆಯ ಮುಂದಾಳತ್ವ ವಹಿಸಿದ್ದು ಕರ್ನಾಟಕ ಕೇಡರಿನ ಐಪಿಎಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್. ಹತ್ಯೆಯ ಸಂಚುಗಾರ ಶಿವರಾಸನ್ ಮತ್ತು ಸಂಗಡಿಗರು ಕೊನೆಗೆ ಸತ್ತು ಸಿಕ್ಕಿದ್ದೂ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ. ಕಾರ್ತಿಕೇಯನ್ ಮತ್ತು ರಾಧಾವಿನೋದ ರಾಜು ಸೇರಿ ಆ ತನಿಖೆಯ ಪುಸ್ತಕ ಬರೆದರು. ಮುಖ್ಯ ತನಿಖಾಧಿಕಾರಿಯಾಗಿದ್ದ ಕೆ. ರಗೋತ್ತಮನ್ ಇನ್ನೊಂದು ಬರೆದರು. 1998ರ ಜನವರಿಯಲ್ಲಿ ಟಾಡಾ ನ್ಯಾಯಾಲಯ 26 ಜನರಿಗೂ ಮರಣದಂಡನೆ ವಿಧಿಸಿತ್ತು. 1999ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅವರಲ್ಲಿ 19 ಜನರನ್ನು ಬಿಟ್ಟು ಕಳಿಸಿತು. ಗಲ್ಲಿನ ನೆರಳಲ್ಲಿ ಉಳಿದವರಲ್ಲಿ ಪೇರರಿವಾಳನ್ ಒಬ್ಬರು. ಅವರ ತಪ್ಪೊಪ್ಪಿಗೆಯನ್ನು ಬರೆದುಕೊಂಡಿದ್ದ ಸಿಬಿಐ ಅಧಿಕಾರಿ ವಿ. ತ್ಯಾಗರಾಜನ್ 2013ರಲ್ಲಿ ಬಾಯಿಬಿಟ್ಟರು: ತಾನು ಕೊಂಡುಕೊಟ್ಟ ಬ್ಯಾಟರಿ ಯಾವುದಕ್ಕೆ ಬಳಕೆಯಾಗಲಿದೆ ಎಂದು ಗೊತ್ತಿರಲಿಲ್ಲ ಎಂಬ ಪೇರರಿವಾಳನ್ ಮಾತನ್ನು ತಾವು ಹೇಳಿಕೆಯಲ್ಲಿ ಸೇರಿಸಿರಲಿಲ್ಲ ಎಂದರು. ಪೇರರಿವಾಳನ್ ಬಿಡುಗಡೆಯಾದದ್ದು 2022ರ ಮೇ ತಿಂಗಳಲ್ಲಿ. ಒಳಗಿದ್ದವರು ಹೇಳದೆ ಉಳಿಸಿಕೊಂಡ ಒಂದು ವಾಕ್ಯಕ್ಕೆ ಇನ್ನೊಬ್ಬರ ಆಯುಷ್ಯದ ತೂಕ ಇರಬಲ್ಲದು. ಗೆಲುವಿನ ಪುಸ್ತಕಗಳು ಇಂಥ ವಾಕ್ಯಗಳಿಗೆ ಜಾಗ ಕೊಡುವುದು ಅಪರೂಪ.

ಕರ್ನಾಟಕದ ಅಭಿಯೋಜಕರ ನೆನಪುಗಳಲ್ಲಿ ಇಬ್ಬರದನ್ನು ಎತ್ತಿ ಹೇಳಬೇಕು. ಮೊದಲನೆಯವರು ಬಿ.ವಿ. ಆಚಾರ್ಯ. ಅವರು ನಡೆಸಿದ್ದು ಕೊಲೆ ಕೇಸಲ್ಲ, ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣ. ಆದರೂ ಅಭಿಯೋಜಕರ ಮೇಲಿನ ಒತ್ತಡ ಎಂಥದ್ದು ಎಂದು ತಿಳಿಯಲು ಅದಕ್ಕಿಂತ ದೊಡ್ಡ ಪಾಠ ಬೇರೆ ಇಲ್ಲ. ಅಡ್ವೊಕೇಟ್ ಜನರಲ್ ಸ್ಥಾನ ಅಥವಾ ಈ ಕೇಸು, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾದಾಗ ಅವರು 2012ರಲ್ಲಿ ಸ್ಥಾನವನ್ನೇ ಬಿಟ್ಟರು; ಕೆಲವೇ ತಿಂಗಳಲ್ಲಿ ಕೇಸಿನಿಂದಲೂ ಹೊರಬರಬೇಕಾಯಿತು. ಮುಂದೆ ಹೈಕೋರ್ಟಿನ ಮೇಲ್ಮನವಿಯಲ್ಲಿ ಹಾಜರಾಗಿದ್ದ ಅಭಿಯೋಜಕರ ನೇಮಕವೇ ಕಾನೂನುಬದ್ಧವಲ್ಲ ಎಂದು 2015ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಆಚಾರ್ಯರು ಮತ್ತೆ ಬಂದರು. ಇದನ್ನೆಲ್ಲ ಅವರು ತಮ್ಮ ಆತ್ಮಕಥನದಲ್ಲಿ ದಾಖಲಿಸಿದ್ದಾರೆ.

ಎರಡನೆಯವರು ಸಿ.ಎಚ್. ಹನುಮಂತರಾಯ. ಕನ್ನಡದಲ್ಲೇ ‘ವಕೀಲರೊಬ್ಬರ ವಗೈರೆಗಳು’ ಎಂಬ ನೆನಪಿನ ಪುಸ್ತಕ ಬರೆದ ಅವರು, ಬೆಂಗಳೂರಿನ ಶಕೀರಾ ಖಲೀಲಿ ಕೊಲೆ ಪ್ರಕರಣದ ವಿಶೇಷ ಅಭಿಯೋಜಕರು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳಾದ ಶಕೀರಾ 1986ರಲ್ಲಿ ಮುರಳಿ ಮನೋಹರ ಮಿಶ್ರಾ ಅಲಿಯಾಸ್ ಸ್ವಾಮಿ ಶ್ರದ್ಧಾನಂದನನ್ನು ಮದುವೆಯಾಗಿದ್ದರು. 1991ರಲ್ಲಿ ಕಣ್ಮರೆಯಾದರು. ಮಗಳು ದೂರು ಕೊಟ್ಟದ್ದು 1992ರ ಜೂನ್‌ನಲ್ಲಿ. 1994ರ ಮಾರ್ಚ್ ಕೊನೆಯಲ್ಲಿ ರಿಚ್ಮಂಡ್ ರಸ್ತೆಯ ಅವರದೇ ಮನೆಯ ಆವರಣದ ನೆಲದಡಿ ಮರದ ಪೆಟ್ಟಿಗೆಯಲ್ಲಿ ಅಸ್ಥಿಪಂಜರ ಸಿಕ್ಕಿತು.

ಕಣ್ಣಾರೆ ಕಂಡ ಸಾಕ್ಷಿ ಒಬ್ಬರೂ ಇಲ್ಲ. ಆಕೆ ಸಹಜವಾಗಿ ಸತ್ತಳು, ಹೆದರಿಕೆಯಿಂದ ಹೂತೆ ಎಂಬುದು ಆರೋಪಿಯ ವಾದ. ಹಾಗಿದ್ದರೆ ಪೆಟ್ಟಿಗೆ ಮಾಡಿಸಿದ್ದೂ ಗುಂಡಿ ತೋಡಿಸಿದ್ದೂ ಸಾವಿಗೆ ಮುಂಚೆಯೇ ಏಕೆ? ಆಕೆ ಎಲ್ಲಿದ್ದಾಳೆಂದು ಕೇಳಿದವರಿಗೆ ಬೇರೆಬೇರೆ ಊರಿನ ಹೆಸರು ಹೇಳುತ್ತಾ ಬಂದದ್ದೇಕೆ? ಆಕೆ ಕೊಟ್ಟಿದ್ದ ಅಧಿಕಾರ ಪತ್ರ ಬಳಸಿ ಆಸ್ತಿ ಮಾರಿದ್ದೇಕೆ? ಮನೆಗೆಲಸದವರ ಸಾಕ್ಷ್ಯ, ಆಸ್ತಿ ದಾಖಲೆ, ಅಸ್ಥಿಪಂಜರ ಹೊರತೆಗೆದದ್ದರ ವಿಡಿಯೋ, ತಲೆಬುರುಡೆಯನ್ನು ಭಾವಚಿತ್ರಕ್ಕೆ ಹೊಂದಿಸಿ ನೋಡಿದ ಪರೀಕ್ಷೆ, ಡಿಎನ್‌ಎ ವರದಿ ಇವನ್ನೆಲ್ಲ ಕೊಂಡಿಕೊಂಡಿಯಾಗಿ ಜೋಡಿಸಿ ಅಭಿಯೋಜನೆ ಈ ಪ್ರಶ್ನೆಗಳನ್ನು ನಿಲ್ಲಿಸಿತು. 2005ರ ಮೇ ತಿಂಗಳಲ್ಲಿ ಸೆಷನ್ಸ್ ನ್ಯಾಯಾಲಯ ಮರಣದಂಡನೆ ವಿಧಿಸಿತು. ಅದೇ ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಒಪ್ಪಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅಪರಾಧದ ಬಗ್ಗೆ ಒಮ್ಮತದಲ್ಲಿದ್ದರೂ ಶಿಕ್ಷೆಯ ಬಗ್ಗೆ ಬೇರೆಯಾದರು. 2008ರ ಜುಲೈ 22ರಂದು ಮೂವರ ಪೀಠ ಗಲ್ಲನ್ನು ತೆಗೆದು, ಮಾಫಿಯಿಲ್ಲದೆ ಬದುಕಿನ ಕೊನೆಯವರೆಗೆ ಸೆರೆವಾಸ ಎಂದಿತು. ಗಲ್ಲಿಗೂ ಸಾಮಾನ್ಯ ಜೀವಾವಧಿಗೂ ನಡುವಿನ ಈ ಹೊಸ ಶಿಕ್ಷೆಯನ್ನು 2015ರ ಡಿಸೆಂಬರ್‌ನಲ್ಲಿ ಸಂವಿಧಾನ ಪೀಠವೂ ಬಹುಮತದಿಂದ ಎತ್ತಿಹಿಡಿಯಿತು. ಬೆಂಗಳೂರಿನ ಒಂದು ಅಂಗಳದಲ್ಲಿ ಅಗೆದ ಗುಂಡಿ ದೇಶದ ಶಿಕ್ಷಾ ಪದ್ಧತಿಯನ್ನೇ ಬದಲಿಸಿತು.

1994ರಲ್ಲಿ ಅಪರೂಪವಾಗಿದ್ದ ಆ ವಿಡಿಯೋ ಚಿತ್ರೀಕರಣ ಇಂದು ಕಾನೂನಿನ ಕಡ್ಡಾಯ. ಹೊಸ ಸಂಹಿತೆಯ ಪ್ರಕಾರ ಶೋಧ, ಜಪ್ತಿಗಳ ವಿಡಿಯೋ ಆಗಲೇಬೇಕು; ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಮೋಕದಂಥ ಠಾಣೆಯ ಸಿಬ್ಬಂದಿಗೂ ಇದು ದಿನನಿತ್ಯದ ಕೆಲಸವಾಗಬೇಕಾದರೆ, ಅಂಥ ಪುರಾವೆ ಕಟಕಟೆಯಲ್ಲಿ ಹೇಗೆ ನಿಂತಿತು, ಪಾಟೀಸವಾಲನ್ನು ಹೇಗೆ ತಡೆದುಕೊಂಡಿತು ಎಂದು ತೋರಿಸುವ ಬರಹ ಬೇಕು. ಗೆದ್ದ ಕೇಸಿನ ಬರಹಕ್ಕೆ ಈ ಮಟ್ಟಿಗೆ ಪೂರ್ಣ ಬೆಲೆ ಇದೆ.

ಕಂಬಾಲಪಲ್ಲಿ, ಮರಕುಂಬಿ

ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದು ಕಡೆ ಇದೆ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರು ಸಜೀವವಾಗಿ ಸುಟ್ಟುಹೋದರು. ಇಡೀ ರಾಜ್ಯ ಮರುಗಿತು, ಚಳವಳಿಗಳಾದವು. ಕೋರ್ಟಿನಲ್ಲಿ ಸಾಕ್ಷಿಗಳು ಒಬ್ಬೊಬ್ಬರಾಗಿ ಪ್ರತಿಕೂಲರಾದರು. 2006ರ ಡಿಸೆಂಬರಿನಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಖುಲಾಸೆ ಮಾಡಿತು. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ಸತ್ಯ, ಕೊಂದವರು ಯಾರೂ ಇಲ್ಲ ಎಂಬಲ್ಲಿಗೆ ಕಡತ ಮುಗಿಯಿತು.

ಈ ಕಡೆ, ನಮ್ಮ ನೆರೆಯ ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್ 28ರಂದು ದಲಿತರ ಕೇರಿಗೆ ನುಗ್ಗಿ ಹೊಡೆದು ಗುಡಿಸಲುಗಳಿಗೆ ಬೆಂಕಿ ಹಚ್ಚಿದ ಪ್ರಕರಣ. ಅದು ಕೊಲೆ ಕೇಸಲ್ಲದಿದ್ದರೂ, ವಿಚಾರಣೆಯ ಹಾದಿಯಲ್ಲೇ ಊರಿನ ಒಬ್ಬ ಸಾಕ್ಷಿಯ ಕೊಲೆಯಾಗಿ, ನ್ಯಾಯ ಕೇಳಿ ಮರಕುಂಬಿಯಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟಿತು. ಹತ್ತು ವರ್ಷಗಳ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಮಂದಿಗೆ ಜೀವಾವಧಿ, ಮೂವರಿಗೆ ಐದು ವರ್ಷ ಶಿಕ್ಷೆ ವಿಧಿಸಿತು. ಸರ್ಕಾರದ ಪರ ವಾದಿಸಿದವರು ಅಪರ್ಣಾ ಬಂಡಿ. ಬಳಿಕ ಧಾರವಾಡ ಪೀಠ ಬಹುತೇಕರಿಗೆ ಜಾಮೀನು ನೀಡಿತು. ಕೊನೆಯ ಮಾತು ಮೇಲ್ಮನವಿಯದ್ದು.

ಎರಡೂ ಕಡೆ ದಲಿತರು, ಎರಡೂ ಕಡೆ ಊರಿನ ಬಲ ಆರೋಪಿಗಳ ಹಿಂದೆ, ಎರಡೂ ಕಡೆ ಸಾಕ್ಷಿಗಳಿಗೆ ಭಯ. ಒಂದು ಊರಿನ ಸಾಕ್ಷಿಗಳು ಕುಸಿದದ್ದೇಕೆ, ಇನ್ನೊಂದು ಊರಿನ ಸಾಕ್ಷಿಗಳು ಹತ್ತು ವರ್ಷ ನಿಂತದ್ದು ಹೇಗೆ? ಸಂಘಟನೆಗಳ ಕಾವಲೇ? ಮ್ಯಾಜಿಸ್ಟ್ರೇಟರ ಮುಂದೆ ಬೇಗ ಹೇಳಿಕೆ ಕೊಡಿಸಿದ್ದೇ? ಅಭಿಯೋಜಕರು ಸಾಕ್ಷಿಗಳನ್ನು ಕರೆದ ಸರದಿಯೇ? ಮುದ್ದೆಮಾಲು, ವೈದ್ಯರ ವರದಿಗಳ ಬಲವೇ? ತೀರ್ಪಿನ ಪ್ರತಿ ಈ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ, ಅದರ ಕೆಲಸವೂ ಅದಲ್ಲ. ಉತ್ತರ ಬಲ್ಲವರು ಆ ಕೇಸುಗಳನ್ನು ನಡೆಸಿದ ಅಭಿಯೋಜಕರು. ಗುಜರಾತಿನ ಬೆಸ್ಟ್ ಬೇಕರಿ ಪ್ರಕರಣದಲ್ಲಿ 2003ರಲ್ಲಿ 21 ಆರೋಪಿಗಳೂ ಖುಲಾಸೆಯಾದಾಗ, ಸುಪ್ರೀಂ ಕೋರ್ಟ್ ಮರುವರ್ಷ ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸುತ್ತಾ ಅಭಿಯೋಜಕರ ವರ್ತನೆಯನ್ನೇ ಎತ್ತಿ ಆಡಿತು. ಸೋಲು ಸಾಕ್ಷಿಯದ್ದು ಮಾತ್ರ ಆಗಿರುವುದಿಲ್ಲ ಎಂಬುದಕ್ಕೆ ಅದು ಸರ್ವೋಚ್ಚ ನ್ಯಾಯಾಲಯದ ಮೊಹರು.

ಬರೆಯಬಾರದ್ದು ಏನು?

ಅಭಿಯೋಜಕರು ಬರೆಯಲಿ ಎಂದಾಗ ಏಳುವ ಆಕ್ಷೇಪಗಳು ಹಗುರವಲ್ಲ. ಕರ್ನಾಟಕದಲ್ಲಿ ಅಭಿಯೋಜನಾ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆಯ ಅಭಿಯೋಜಕರು ಸರ್ಕಾರಿ ನೌಕರರು. ನಡತೆ ನಿಯಮಗಳು ಅವರ ಬಾಯಿ ಕಟ್ಟುತ್ತವೆ. ಬಾಕಿ ಇರುವ ವಿಚಾರಣೆಯ ಮೇಲೆ ಪ್ರಭಾವ ಬೀರುವ ಬರಹ ನ್ಯಾಯಾಂಗ ನಿಂದನೆಯಾಗಬಹುದು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರ ಗುರುತು ಬಯಲು ಮಾಡುವುದು ಅಪರಾಧ. ಹೆದರುತ್ತಲೇ ಸಾಕ್ಷಿ ನುಡಿದವರ ಊರು, ಹೆಸರು, ಮನೆಯ ಗುರುತು ಬರೆದರೆ ಅವರ ಜೀವಕ್ಕೇ ಕುತ್ತು. ಖುಲಾಸೆಯಾದವರನ್ನು ಪುಸ್ತಕದಲ್ಲಿ ಮತ್ತೆ ಅಪರಾಧಿಯಾಗಿಸುವುದು ಕೋರ್ಟಿನಲ್ಲಿ ಸಾಬೀತಾಗದ್ದನ್ನು ಓದುಗರ ಮುಂದೆ ಸಾಬೀತು ಮಾಡಲು ಹೊರಟಂತೆ. ಅದು ನ್ಯಾಯವೂ ಅಲ್ಲ, ಧರ್ಮವೂ ಅಲ್ಲ.

ತೀರ್ಪಿಗೂ ಮುನ್ನ ಕೋರ್ಟಿನ ಹೊರಗೆ ಏಳುವ ಗದ್ದಲವನ್ನು ಬಳ್ಳಾರಿಯವರು ಹತ್ತಿರದಿಂದ ಕಂಡಿದ್ದಾರೆ. ರೇಣುಕಸ್ವಾಮಿ ಕೊಲೆ ಪ್ರಕರಣದ ಆರೋಪಿಯಾಗಿ ನಟ ದರ್ಶನ್ ಅವರನ್ನು 2024ರ ಆಗಸ್ಟ್ 29ರಂದು ಬಳ್ಳಾರಿಯ ಕಾರಾಗೃಹಕ್ಕೆ ತಂದಾಗ ಜೈಲಿನ ಮುಂದೆ ಕ್ಯಾಮೆರಾಗಳೂ ಅಭಿಮಾನಿಗಳೂ ಬೀಡುಬಿಟ್ಟರು. 3,991 ಪುಟಗಳ ದೋಷಾರೋಪ ಪಟ್ಟಿಯ ಒಂದೊಂದು ಚೂರೂ ಟಿವಿಯಲ್ಲಿ ದಿನಗಟ್ಟಲೆ ಚರ್ಚೆಯಾಯಿತು. ಹೈಕೋರ್ಟ್ ಕೊಟ್ಟ ಜಾಮೀನನ್ನು 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಆರೋಪಿಗಳ ಅಪರಾಧ ನಿರ್ಣಯ ನ್ಯಾಯಾಲಯಕ್ಕೆ ಬಿಟ್ಟದ್ದು. ಇಂಥ ಗದ್ದಲದ ನಡುವೆ ಅಭಿಯೋಜಕರು ಮಾತಾಡಬೇಕಾದದ್ದು ಕೋರ್ಟಿನೊಳಗೆ ಮಾತ್ರ. ಬರೆಯುವ ಕಾಲ ಬರುವುದು ಕೊನೆಯ ಮೇಲ್ಮನವಿಯೂ ಮುಗಿದ ಮೇಲೆ.

ಅಂದರೆ ಗೆರೆ ಸ್ಪಷ್ಟವಾಗಿದೆ. ಕೇಸು ಅಂತಿಮವಾಗಿ ಇತ್ಯರ್ಥವಾಗಿರಬೇಕು. ಸಾಕ್ಷಿಯ ಗುರುತು ಮರೆಯಲ್ಲಿರಬೇಕು. ತೀರ್ಪನ್ನು ಒಪ್ಪಿಕೊಂಡೇ ಬರೆಯಬೇಕು. ಆರೋಪಿಗೆ ಅನುಕೂಲವಾದ ಪುರಾವೆಯನ್ನೂ ಬರೆಯಬೇಕು. ಹೀಗೆ ಬರೆದದ್ದರಲ್ಲಿ ‘ಅವನೇ ಕೊಂದ’ ಎಂಬ ಮಾತಿಗೆ ಜಾಗ ಇರುವುದಿಲ್ಲ. ‘ಮಹಜರು ಇಲ್ಲಿ ಕೆಟ್ಟಿತು, ಸಾಕ್ಷಿಗೆ ಇಲ್ಲಿ ರಕ್ಷಣೆ ಸಿಗಲಿಲ್ಲ, ನಾನು ಈ ಪ್ರಶ್ನೆ ಕೇಳಬೇಕಿತ್ತು’ ಎಂಬ ಮಾತಿಗೆ ಇರುತ್ತದೆ. ನಮಗೆ ಬೇಕಿರುವುದೂ ಅದೇ.

ಆಗಬೇಕಾದ್ದು

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2014ರ ಜನವರಿ 7ರಂದು ಕಿಶನ್‌ಭಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದಾರಿ ತೋರಿಸಿದೆ. ಗುಜರಾತಿನಲ್ಲಿ ಆರು ವರ್ಷದ ಮಗುವಿನ ಕೊಲೆಯ ಆರೋಪಿ ತನಿಖೆಯ ಲೋಪಗಳಿಂದಾಗಿ ಬಿಡುಗಡೆಯಾದಾಗ ನ್ಯಾಯಾಲಯ ಹೇಳಿದ್ದು ಇಷ್ಟು: ಪ್ರತಿ ಖುಲಾಸೆಯೂ ವ್ಯವಸ್ಥೆಯ ಸೋಲು. ಅಪರಾಧಿ ತಪ್ಪಿಸಿಕೊಂಡಿದ್ದಾನೆ, ಇಲ್ಲವೇ ನಿರಪರಾಧಿಯೊಬ್ಬ ವರ್ಷಗಟ್ಟಲೆ ಸುಮ್ಮನೆ ನರಳಿದ್ದಾನೆ. ಆದ್ದರಿಂದ ಪ್ರತಿ ರಾಜ್ಯದ ಗೃಹ ಇಲಾಖೆ ಪೊಲೀಸ್ ಮತ್ತು ಅಭಿಯೋಜನೆಯ ಹಿರಿಯರ ಸ್ಥಾಯಿ ಸಮಿತಿಯ ಮೂಲಕ ಖುಲಾಸೆಗಳನ್ನು ಪರಿಶೀಲಿಸಬೇಕು, ಲೋಪ ಗುರುತಿಸಬೇಕು, ಆ ಪಾಠಗಳನ್ನು ತರಬೇತಿಗೆ ಬಳಸಬೇಕು. ಅಂದರೆ ಸೋತ ಕೇಸಿನ ಕಥೆ ಬರೆಯಬೇಕು ಎಂಬುದು ದೇಶದ ಅತ್ಯುನ್ನತ ನ್ಯಾಯಾಲಯದ ಆದೇಶವೇ ಆಗಿದೆ.

ಆ ಪರಿಶೀಲನೆಗಳು ಕಚೇರಿಯ ಕಪಾಟಿನಲ್ಲಿ ಉಳಿಯಬಾರದು. ಹೆಸರು, ಗುರುತು ತೆಗೆದು ವರ್ಷಕ್ಕೊಮ್ಮೆ ಜಿಲ್ಲಾವಾರು ಕನ್ನಡದಲ್ಲಿ ಪ್ರಕಟವಾಗಬೇಕು. ಬಳ್ಳಾರಿ ಜಿಲ್ಲೆಯ ಕೊಲೆ ಕೇಸುಗಳಲ್ಲಿ ಪಂಚರು ಏಕೆ ತಿರುಗಿಬಿದ್ದರು, ಸಮನ್ಸ್ ಏಕೆ ಮುಟ್ಟಲಿಲ್ಲ, ವಿಧಿವಿಜ್ಞಾನ ವರದಿ ಏಕೆ ತಡವಾಯಿತು ಎಂದು ಮೋಕ ಠಾಣೆಯ ಪಿಎಸ್‌ಐಯೂ ಸಿರುಗುಪ್ಪದ ಕಿರಿಯ ವಕೀಲರೂ ಕುರುಗೋಡಿನ ಕಾಲೇಜು ಹುಡುಗಿಯೂ ಓದುವಂತಿರಬೇಕು. ನಿವೃತ್ತ ಅಭಿಯೋಜಕರಿಗೆ, ಇತ್ಯರ್ಥವಾದ ಕೇಸುಗಳ ಬಗ್ಗೆ ಬರೆಯಲು ಇಲಾಖೆಯೇ ಸ್ಪಷ್ಟ ನಿಯಮ ಮಾಡಿ ಅನುಮತಿ ಕೊಡಬೇಕು. ಕಾನೂನು ಕಾಲೇಜುಗಳು ಅವರನ್ನು ಕರೆದು ಮಾತಾಡಿಸಿ ದಾಖಲಿಸಬೇಕು.

ಸಾಕ್ಷಿ ರಕ್ಷಣೆಯಲ್ಲಿ ಇದರ ಫಲ ನೇರವಾಗಿ ಕಾಣುತ್ತದೆ. ಸುಪ್ರೀಂ ಕೋರ್ಟ್ 2018ರ ಡಿಸೆಂಬರ್ 5ರಂದು ಒಪ್ಪಿದ ಸಾಕ್ಷಿ ರಕ್ಷಣಾ ಯೋಜನೆಯಲ್ಲಿ ಜಿಲ್ಲಾ ಸಮಿತಿಗೆ ಜಿಲ್ಲಾ ನ್ಯಾಯಾಧೀಶರು ಅಧ್ಯಕ್ಷರು, ಪೊಲೀಸ್ ಮುಖ್ಯಸ್ಥರು ಸದಸ್ಯರು, ಅಭಿಯೋಜನೆಯ ಮುಖ್ಯಸ್ಥರೇ ಸದಸ್ಯ ಕಾರ್ಯದರ್ಶಿ. ಬೆದರಿಕೆಯ ಮಟ್ಟಕ್ಕೆ ತಕ್ಕಂತೆ ರಕ್ಷಣೆ ಕೊಡಲು ಅಲ್ಲಿ ಅವಕಾಶವಿದೆ. ಹೊಸ ಸಂಹಿತೆಯ 398ನೇ ಕಲಮು ರಾಜ್ಯಗಳು ಇಂಥ ಯೋಜನೆ ರೂಪಿಸಲೇಬೇಕೆಂದು ಹೇಳುತ್ತದೆ. ಸಾಕ್ಷಿಗೆ ಬೆದರಿಕೆ ಯಾವ ಘಟ್ಟದಲ್ಲಿ ಬರುತ್ತದೆ, ಯಾರ ಮೂಲಕ ಬರುತ್ತದೆ ಎಂದು ಹಳೆಯ ಸೋಲುಗಳಿಂದ ಕಲಿತ ಅಭಿಯೋಜಕರು ಆ ಕುರ್ಚಿಯಲ್ಲಿದ್ದರೆ, ಹಗರಿ ದಂಡೆಯ ಊರಿನ ಕೂಲಿ ಹೆಣ್ಣುಮಗಳೂ ಸಾಕ್ಷಿ ಹೇಳುವ ಮುನ್ನವೇ ರಕ್ಷಣೆ ಕೇಳಬಹುದು.

ಗೆದ್ದ ಕೇಸುಗಳ ಪುಸ್ತಕ ಬರಲಿ. ಕನ್ನಡಕ್ಕೆ ಅವೂ ಬೇಕು. ಆದರೆ ಕಂಬಾಲಪಲ್ಲಿಯ ಏಳು ಜನಕ್ಕೆ ನಾವು ಕೊಡಬೇಕಾದ ಉತ್ತರ ಅಂಥ ಪುಸ್ತಕಗಳಲ್ಲಿ ಇರುವುದಿಲ್ಲ. ಆ ಉತ್ತರ ಇರುವುದು ಸೋತ ಕೇಸುಗಳ ಕಡತದಲ್ಲಿ. ಅದನ್ನು ತೆರೆದು ಬರೆಯುವ ಧೈರ್ಯ ಅಭಿಯೋಜಕರಿಗೆ ಬರಬೇಕು, ಅವರಿಗೆ ಆ ಅನುಮತಿ ಕೊಡುವ ಧೈರ್ಯ ಸರ್ಕಾರಕ್ಕೆ ಬರಬೇಕು, ಅದನ್ನು ಕೇಳಿ ಪಡೆಯುವ ಹಟ ನಮಗೆ ಬರಬೇಕು.